ಮಾಲ್ಗುಡಿಗೆ ಎರಡನೆಯ ಸಲ ಹೊರಟ ರೈಲು

ಚಿಂತಾಮಣಿ ತಾಲ್ಲೂಕಿನ ಕೈವಾರಕ್ಕೆ ಹೋದ ಯಾತ್ರಿಕರು ಅಮರನಾರೇಯಣಸ್ವಾಮಿಯ ದರ್ಶನ ಮಾಡಿಕೊಂಡು, ತಾತಯ್ಯನವರ ಸನ್ನಿಧಿಗೆ ಕೈಮುಗಿದು ಹೊರಗೆ ಬಂದ ಮೇಲೆ ಊರವರನ್ನು ಕೇಳುವ ಪ್ರಶ್ನೆ ಒಂದುಂಟು: “ಬಕಾಸುರನ ಬೆಟ್ಟ ಯಾವುದು?” ಬೆಟ್ಟದ ಕಡೆ ಕೈ ತೋರಿಸುವವರು ಅಲ್ಲಿ ಸದಾ ಸಿಕ್ಕುತ್ತಾರೆ. ಅರಗಿನ ಮನೆಯಿಂದ ಪಾರಾದ ಪಾಂಡವರು ಬ್ರಾಹ್ಮಣವೇಷದಲ್ಲಿ ತಂಗಿದ್ದ ಏಕಚಕ್ರಪುರ ಇದೇ ಎಂಬುದು ಆ ಊರಿನ ನಂಬಿಕೆ. ಬಂಡಿಯ ಅನ್ನವನ್ನೆಲ್ಲ ತಾನೇ ಉಂಡು ಭೀಮಸೇನನು ರಾಕ್ಷಸನನ್ನು ಕೊಂದದ್ದು ಇಲ್ಲಿಯೇ. ಅದಕ್ಕೆ ಸಾಕ್ಷಿಯಾಗಿ ಭೀಮಲಿಂಗೇಶ್ವರನ ಗುಡಿಯೂ ಉಂಟು. ಏಕಚಕ್ರ ತಮ್ಮದೆನ್ನುವ ಊರುಗಳು ಬಂಗಾಳ ಬಿಹಾರಗಳಲ್ಲಿಯೂ ಇವೆಯಂತೆ; ಕೈವಾರದವರು ಅದಕ್ಕಾಗಿ ತಲೆ ಕೆಡಿಸಿಕೊಂಡವರಲ್ಲ.

ಅಲ್ಲಿಂದ ಬಲು ದೂರದಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ, ಇಂಥದೇ ಪ್ರಶ್ನೆಯೊಂದು ಕೇಳಿಬರುತ್ತದೆ. ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆ ಊರಿಗೆ ಬಂದ ಪ್ರವಾಸಿಗರು ಸೂರ್ಯಾಸ್ತವನ್ನು ನೋಡುವುದಕ್ಕೆ ಮೊದಲೇ “ಸ್ವಾಮಿಯ ಮನೆ ಎಲ್ಲಿ?” ಎನ್ನುತ್ತಾರೆ. ಊರವರು ದೊಡ್ಡಮನೆಯನ್ನು ತೋರಿಸುತ್ತಾರೆ. ಹಳೆಯ ಕಂಬಗಳ ಆ ಮನೆಯ ಜಗಲಿಯ ಮೇಲೆ ಕುಳಿತು ಬಂದವರು ಒಂದು ರಾಗವನ್ನು ಗುನುಗಿಕೊಳ್ಳುತ್ತಾರೆ. ಆ ರಾಗ ಯಾವುದೆಂದು ನಲವತ್ತು ದಾಟಿದ ಯಾವ ಕನ್ನಡಿಗರಿಗೂ ಹೇಳಬೇಕಾದ್ದಿಲ್ಲ.

ಎರಡು ಊರುಗಳೂ ಕಥೆಯೊಂದರಿಂದ ಹೆಸರಾದವು. ಆದರೆ ಇವೆರಡರ ನಡುವೆ ಒಂದು ಭೇದವಿದೆ. ಭೀಮನ ಕಥೆಯನ್ನು ಪಂಪನು ಹೇಳಿದನು, ಕುಮಾರವ್ಯಾಸನು ಮತ್ತೊಮ್ಮೆ ಹೇಳಿದನು. ಹರಿದಾಸರೂ ಬಯಲಾಟದವರೂ ತಮಗೆ ತೋರಿದಂತೆ ಬೆಳೆಸಿದರು. ಯಾರೂ “ಹಿಂದಿನದರ ಹಾಗೆ ಇಲ್ಲ” ಎಂದು ಎದ್ದು ಹೋಗಲಿಲ್ಲ. ಮಾಲ್ಗುಡಿಯ ಕಥೆಯನ್ನು ಎರಡನೆಯ ಸಲ ಹೇಳಹೊರಟವರಿಗೆ ಮಾತ್ರ ಜನ ಅಷ್ಟು ಉದಾರವಾಗಿ ಮಣೆ ಹಾಕಲಿಲ್ಲ. ಏಕೆ?

ಮನೆಯೊಳಗೆ ಬಂದ ಊರು

ಮಾಲ್ಗುಡಿ ಎಂಬ ಊರು ಭೂಪಟದಲ್ಲಿಲ್ಲ. ಬೆಂಗಳೂರಿನ ಅಜ್ಜಿಯ ಮನೆಯಲ್ಲಿ, ಆಕೆಯೇ ಗೊತ್ತುಮಾಡಿಕೊಟ್ಟ ಶುಭದಿನದಂದು ಹೊಸ ಪುಸ್ತಕವೊಂದನ್ನು ತೆರೆದು ಬರೆಯಲು ಕುಳಿತ ಯುವಕ ಆರ್. ಕೆ. ನಾರಾಯಣರ ಕಣ್ಣಿಗೆ ಮೊದಲು ಕಂಡದ್ದು ಒಂದು ಪುಟ್ಟ ರೈಲ್ವೆ ನಿಲ್ದಾಣ. ಊರು ಅದರ ಹಿಂದೆ ಬಂದಿತು. “ಸ್ವಾಮಿ ಅಂಡ್ ಫ್ರೆಂಡ್ಸ್” ೧೯೩೫ರಲ್ಲಿ ಲಂಡನ್ನಿನಲ್ಲಿ ಅಚ್ಚಾದಾಗ ಅದಕ್ಕೆ ಕೈಹಿಡಿದು ನಡೆಸಿದವರು ಹೆಸರಾಂತ ಕಾದಂಬರಿಕಾರ ಗ್ರಹಾಂ ಗ್ರೀನ್. ಅಲ್ಲಿಂದ ಮುಂದೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ನಾರಾಯಣರು ಮೈಸೂರಿನಲ್ಲಿ ಕುಳಿತು ಆ ಊರನ್ನೇ ಬರೆದರು.

ಆ ಐವತ್ತು ವರ್ಷಗಳಲ್ಲಿ ಅವರು ಮಾಡದೆ ಬಿಟ್ಟ ಕೆಲಸವೊಂದನ್ನು ಇಲ್ಲಿ ಗಮನಿಸಬೇಕು. ಸ್ವಾಮಿಯ ಕಥೆ ಮುಗಿಯುವುದು ರೈಲ್ವೆ ನಿಲ್ದಾಣದಲ್ಲಿ. ಗೆಳೆಯ ರಾಜಮ್ ಮುನಿಸಿಕೊಂಡು ಊರು ಬಿಟ್ಟು ಹೋಗುತ್ತಿದ್ದಾನೆ, ಸ್ವಾಮಿ ಕೊಡಲೆಂದು ತಂದ ಪುಸ್ತಕ ಕೊನೆಯ ಗಳಿಗೆಯಲ್ಲಿ ಅವನ ಕೈಸೇರುತ್ತದೆ, ರೈಲು ಹೊರಡುತ್ತದೆ. ರಾಜಮ್ ಕ್ಷಮಿಸಿದನೋ ಇಲ್ಲವೋ ತಿಳಿಯದು. ಓದಿದವರಿಗೆಲ್ಲ ಮುಂದೇನಾಯಿತು ಎಂಬ ಕಾತರ ಸಹಜವೇ. ಆದರೆ ನಾರಾಯಣರು ಆ ಕಾದಂಬರಿಗೆ ಉತ್ತರಭಾಗವನ್ನು ಬರೆಯಲಿಲ್ಲ. ಚಂದ್ರನ್ ಬಂದನು, ಇಂಗ್ಲಿಷ್ ಮೇಷ್ಟರು ಕೃಷ್ಣನ್ ಬಂದರು, ೧೯೫೨ರಲ್ಲಿ ಮಾರ್ಗಯ್ಯ, ೧೯೫೮ರಲ್ಲಿ ಗೈಡ್ ರಾಜು, ೧೯೬೭ರಲ್ಲಿ ಮಿಠಾಯಿ ಮಾರುವ ಜಗನ್. ಊರು ಅದೇ, ಸರಯೂ ನದಿ ಅದೇ. ಜನ ಮಾತ್ರ ಪ್ರತಿ ಸಲವೂ ಹೊಸಬರು. ಉತ್ತರಭಾಗ ಬರೆದು ಹಣ ಮಾಡುವುದು ಲೋಕದಲ್ಲಿ ಹೊಸದೇನಲ್ಲವಾದ್ದರಿಂದ, ಈ ಸಂಯಮ ಅಂದು ತೋರಿದುದಕ್ಕಿಂತ ಇಂದು ದೊಡ್ಡದಾಗಿ ಕಾಣುತ್ತದೆ.

ಆ ಊರಿಗೆ ಮಣ್ಣು ಮರ ಹೆಂಚುಗಳ ಆಕಾರವನ್ನು ಕೊಟ್ಟವರು ಶಂಕರ್ ನಾಗ್. “ಮಿಂಚಿನ ಓಟ”, “ಆಕ್ಸಿಡೆಂಟ್”ಗಳನ್ನು ನಿರ್ದೇಶಿಸಿ ಮೂವತ್ತರ ಹರೆಯದಲ್ಲಿಯೇ ಹೆಸರಾಗಿದ್ದ ಅವರಿಗೆ ನಿರ್ಮಾಪಕ ಟಿ. ಎಸ್. ನರಸಿಂಹನ್ ಜೊತೆಯಾದರು. ಮಾರ್ಗಯ್ಯನ ಕಥೆಯನ್ನು ಟಿ. ಎಸ್. ನಾಗಾಭರಣರು “ಬ್ಯಾಂಕರ್ ಮಾರ್ಗಯ್ಯ”ವಾಗಿ ೧೯೮೩ರಲ್ಲಿ ಕನ್ನಡಕ್ಕೆ ತಂದು ರಾಷ್ಟ್ರಪ್ರಶಸ್ತಿ ಪಡೆದಿದ್ದರು. ಮಾರ್ಗಯ್ಯನಾಗಿ ಲೋಕೇಶ್ ಅಭಿನಯಿಸಿದ್ದರು. ದೂರದರ್ಶನಕ್ಕಾಗಿ ಸಿದ್ಧವಾದ “ಮಾಲ್ಗುಡಿ ಡೇಸ್” ಆ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ೧೯೮೦ರ ದಶಕದ ನಡುವಿನಲ್ಲಿ ಆಗುಂಬೆಯ ಬೀದಿಯೇ ಮಾಲ್ಗುಡಿಯ ಬೀದಿಯಾಯಿತು. ಕಲಾನಿರ್ದೇಶಕ ಜಾನ್ ದೇವರಾಜ್ ಊರಿನ ವೃತ್ತದಲ್ಲಿ ಸರ್ ಫ್ರೆಡರಿಕ್ ಲಾಲಿಯ ಪ್ರತಿಮೆಯನ್ನು ನಿಲ್ಲಿಸಿದರು. ಹೊಸನಗರ ತಾಲ್ಲೂಕಿನ ಅರಸಾಳು ಎಂಬ ಸಣ್ಣ ನಿಲ್ದಾಣ, ನಾರಾಯಣರ ಕಣ್ಣಿಗೆ ಅಂದು ಮೊದಲು ಕಂಡ ಆ ನಿಲ್ದಾಣವಾಯಿತು.

ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಅನಂತನಾಗ್ ಬಂದರು, ಬೆಳ್ಳಿತೆರೆಯ ಸಾಹಸಸಿಂಹ ವಿಷ್ಣುವರ್ಧನ್ ಕೂಡ ಒಂದು ಕಂತಿನಲ್ಲಿ, ಮಗಳನ್ನು ಸಿನಿಮಾಕ್ಕೆ ಕರೆದೊಯ್ಯಲಾಗದ ಬಡ ಗುಮಾಸ್ತನಾಗಿ, ತಮ್ಮ ಸಾಹಸವನ್ನೆಲ್ಲ ಕಳಚಿಟ್ಟು ಕುಳಿತರು. ಶೀರ್ಷಿಕೆಯ ರೇಖಾಚಿತ್ರಗಳು ಲೇಖಕರ ತಮ್ಮ ಆರ್. ಕೆ. ಲಕ್ಷ್ಮಣರವು. ಸಂಗೀತ ಎಲ್. ವೈದ್ಯನಾಥನ್ ಅವರದು. ಒಟ್ಟು ೩೯ ಕಂತುಗಳು. ಸ್ವಾಮಿಯ ಕಥೆ ಚಲನಚಿತ್ರವಾಗಿಯೂ ಹೊರಬಂದು, ಆ ಹುಡುಗನಿಗೆ ಶ್ರೇಷ್ಠ ಬಾಲನಟನೆಂಬ ರಾಷ್ಟ್ರಪ್ರಶಸ್ತಿಯನ್ನು ತಂದುಕೊಟ್ಟಿತು.

ಮೂಲದಲ್ಲಿ ಇದು ಹಿಂದಿ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ತಯಾರಾದ ಧಾರಾವಾಹಿ ಎಂಬುದನ್ನು ಅನೇಕರು ಮರೆತೇಬಿಟ್ಟಿದ್ದಾರೆ. ತೆರೆಯ ಮೇಲಿನ ಅಪ್ಪ ಹಿಂದಿಯಲ್ಲಿ ಗದರಿದರೂ ಗದರಿದ ರೀತಿ ಮೈಸೂರು ಸೀಮೆಯದು. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡ ಬಗೆ ಪಕ್ಕದ ಮನೆಯಾಕೆಯದು. ಬೀದಿಗೊಂದು ಮನೆಯಲ್ಲಿ ಟೆಲಿವಿಷನ್ ಇದ್ದ ದಿನಗಳವು. ಆ ಮನೆಯ ಹಜಾರದಲ್ಲಿ ಚಾಪೆ ಹಾಸಿ, ಹೋಮ್‌ವರ್ಕ್ ಮುಗಿಸಿದವರಿಗೆ ಮಾತ್ರ ಮುಂದಿನ ಸಾಲು ಎಂದು ಕಟ್ಟಳೆ ಮಾಡಿದ ಹಿರಿಯರು ಎಷ್ಟೋ! ವಾರಕ್ಕೊಮ್ಮೆ ಆ ಹುಡುಗ ಮನೆಗೆ ಬಂದು ಹೋಗುತ್ತಿದ್ದನು. ನೋಡುವವರ ಕಲ್ಪನೆಗೆ ಬೇರೆ ಮುಖವನ್ನು ಹುಡುಕುವ ಕೆಲಸವೇ ಉಳಿಯಲಿಲ್ಲ. ಕೈವಾರದ ಭೀಮನಿಗೆ ಸಾವಿರ ಮುಖ. ಮಾಲ್ಗುಡಿಯ ಸ್ವಾಮಿಗೆ ಒಂದೇ ಮುಖ. ತೊಡಕು ಹುಟ್ಟಿದ್ದು ಇಲ್ಲಿ.

ರಾಜಸ್ಥಾನಕ್ಕೆ ಸಾಗಿದ ಮಾಲ್ಗುಡಿ

ಶಂಕರ್ ನಾಗ್ ಗೆದ್ದ ಗೆಲವು ಎಂಥದೆಂದು ತಿಳಿಯಬೇಕಾದರೆ ಇಪ್ಪತ್ತು ವರ್ಷ ಹಿಂದೆ ಹೋಗಬೇಕು. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ “ದಿ ಗೈಡ್” ಕಾದಂಬರಿಯನ್ನು ದೇವ್ ಆನಂದ್ ಚಿತ್ರವಾಗಿಸಲು ಬಂದಾಗ, ನಾರಾಯಣರು ಚಿತ್ರತಂಡದವರನ್ನು ಮೈಸೂರಿನ ಸುತ್ತಮುತ್ತ ತಿರುಗಿಸಿ ತಮ್ಮ ಮನಸ್ಸಿನ ಊರನ್ನು ತೋರಿಸಿದರು. ಬಂದವರು ಎಲ್ಲವನ್ನೂ ಮೆಚ್ಚಿ ತಲೆಯಾಡಿಸಿದರು. ಅನಂತರ ಕ್ಯಾಮರಾ ಹೊತ್ತು ಹೋದದ್ದು ಉದಯಪುರ, ಜಯಪುರಗಳ ಕಡೆಗೆ! ವರ್ಣಚಿತ್ರಕ್ಕೆ ವರ್ಣ ಬೇಕಲ್ಲವೇ? ೧೯೬೫ರಲ್ಲಿ ತೆರೆಗೆ ಬಂದ ಚಿತ್ರವನ್ನು ದೇಶವೇ ಕೊಂಡಾಡಿತು. ಅದರ ಹಾಡುಗಳು ಇಂದಿಗೂ ಜೀವಂತವಾಗಿವೆ. ಲೇಖಕರು ಮಾತ್ರ ತಮ್ಮ ಊರನ್ನು ಅದರಲ್ಲಿ ಕಾಣದೆ, ದಾರಿ ತಪ್ಪಿದ ಗೈಡಿನ ಕುರಿತು ನಗುನಗುತ್ತಲೇ ಕಟುವಾದ ಪ್ರಬಂಧವೊಂದನ್ನು ಬರೆದರು.

ಬೆಳ್ಳಿತೆರೆ ದೊಡ್ಡದು, ಅದಕ್ಕೆ ದೊಡ್ಡದೇ ಬೇಕು. ಅರಮನೆ, ಸರೋವರ, ಸಾವಿರ ಜನರ ಸಂತೆ ಇದ್ದರೆ ಅದು ತುಂಬುತ್ತದೆ. ಕಳೆದುಹೋದ ಟೋಪಿಗಾಗಿ ಅಳುವ ಹುಡುಗನನ್ನು ಅಷ್ಟು ದೊಡ್ಡದಾಗಿ ತೋರಿಸಲು ಹೋದರೆ ಟೋಪಿಯೂ ಚಿಕ್ಕದಾಗಿ ಕಾಣುತ್ತದೆ, ಅಳುವೂ ಚಿಕ್ಕದಾಗಿ ಕಾಣುತ್ತದೆ. ಮನೆಯ ಮೂಲೆಯ ಸಣ್ಣ ಪೆಟ್ಟಿಗೆ ಮಾಲ್ಗುಡಿಗೆ ಹೇಳಿಮಾಡಿಸಿದಂತಿತ್ತು.

ಈ ಮಾತಿಗೆ ಹಿಂದಿಯಿಂದ ಒಂದು ಸಾಕ್ಷ್ಯವನ್ನು ಹೇಳಬಹುದು. ೨೦೦೧ರಲ್ಲಿ ಆರಂಭವಾದ “ಆಫೀಸ್ ಆಫೀಸ್” ಎಂಬ ಹಾಸ್ಯ ಧಾರಾವಾಹಿಯನ್ನು ಬೆಂಗಳೂರು ಮೈಸೂರುಗಳ ಎಷ್ಟೋ ಮನೆಗಳಲ್ಲಿಯೂ ನೋಡಿ ನಕ್ಕವರಿದ್ದಾರೆ. ಸರ್ಕಾರಿ ಕಚೇರಿಯ ಮೇಜಿನಿಂದ ಮೇಜಿಗೆ ಅಲೆಯುವ ಮುಸದ್ದಿಲಾಲನ ಪಾತ್ರದಲ್ಲಿ ಪಂಕಜ್ ಕಪೂರ್ ಅದ್ಭುತವಾಗಿ ನಟಿಸಿದ್ದರು. ಅದನ್ನೇ ಮುಂದುವರಿಸಿ ೨೦೧೧ರ ಆಗಸ್ಟಿನಲ್ಲಿ “ಚಲಾ ಮುಸದ್ದಿ – ಆಫೀಸ್ ಆಫೀಸ್” ಎಂಬ ಚಲನಚಿತ್ರ ಬಂದಿತು. ನಿರ್ದೇಶಕ ರಾಜೀವ್ ಮೆಹ್ರಾ ಅವರೇ, ನಾಯಕ ಅವನೇ, ಲಂಚಕ್ಕೆ ಕೈಚಾಚುವ ಆ ಕಚೇರಿಯ ಮುಖಗಳೂ ಅವೇ. ಬದುಕಿರುವ ಮುಸದ್ದಿಲಾಲನನ್ನು ಕಡತದಲ್ಲಿ ಸತ್ತವನೆಂದು ಬರೆದು ಪಿಂಚಣಿ ನಿಲ್ಲಿಸಿದ್ದಾರೆ ಎಂಬ ಕಥಾವಸ್ತುವೂ ಚೆನ್ನಾಗಿಯೇ ಇತ್ತು. ಆದರೂ ಚಿತ್ರ ಸೋತಿತು. ಪ್ರತಿವಾರ ಹೊಸ ಕಚೇರಿಗೆ ಹೋಗಿ ಅರ್ಧ ಗಂಟೆಯಲ್ಲಿ ಏಟು ತಿಂದು ಬರುತ್ತಿದ್ದವನು ಒಂದೇ ಕಚೇರಿಯಲ್ಲಿ ಎರಡು ಗಂಟೆ ಅಲೆದರೆ ನೋಡುವವರಿಗೂ ಅಲೆದಾಟದ ಆಯಾಸವೇ. ಮನೆಯಲ್ಲಿ ಕಾಫಿ ಕುಡಿಯುತ್ತ ಪುಕ್ಕಟೆಯಾಗಿ ನಕ್ಕ ನಗುವಿಗೆ ಟಿಕೆಟ್ಟು ಕೊಂಡು ನಗಬೇಕಾಗಿ ಬಂದುದೂ ಒಂದು ಕಾರಣವಿದ್ದೀತು. ಹಾಗಾದರೆ ಮುಖ ಬದಲಾಗದಿದ್ದರೆ ಸಾಕು ಎನ್ನುವಂತಿಲ್ಲ. ಕಥೆಯ ಅಳತೆಯೂ ಬದಲಾಗಬಾರದು.

ಅಮೆರಿಕದಲ್ಲಿಯೂ ಇದೇ ಗೋಳು. “ಟ್ವಿನ್ ಪೀಕ್ಸ್” ಧಾರಾವಾಹಿ ೧೯೯೧ರಲ್ಲಿ ನಡುದಾರಿಯಲ್ಲಿ ನಿಂತಿತು. ಮರುವರ್ಷ ಡೇವಿಡ್ ಲಿಂಚ್ ತೆಗೆದ ಚಿತ್ರಕ್ಕೆ ಹೋದವರು ಮುಂದೇನಾಯಿತೆಂದು ತಿಳಿಯಲು ಹೋದರು. ಅವರು ತೋರಿಸಿದ್ದು ಹಿಂದೇನಾಗಿತ್ತು ಎಂಬುದನ್ನು. ಅಂದು ಬೈದವರಲ್ಲಿ ಕೆಲವರು ಈಗ ಹೊಗಳುತ್ತಿದ್ದಾರೆ. ನಿರಾಶೆಗೂ ಒಂದೊಂದು ಸಲ ಆಯುಸ್ಸು ಕಡಿಮೆ.

ಅನಗೋಡಿನ ಬೆಳಗು

ಮಾಲ್ಗುಡಿಯ ಮುಂದಿನ ಕಥೆಯನ್ನು ಹೇಳಬಹುದಾಗಿದ್ದವರು ಉಳಿಯಲಿಲ್ಲ. ೧೯೯೦ರ ಸೆಪ್ಟೆಂಬರ್ ೩೦ರಂದು ದಾವಣಗೆರೆಯ ಬಳಿಯ ಅನಗೋಡಿನಲ್ಲಿ ನಡೆದ ಕಾರಿನ ಅಪಘಾತದಲ್ಲಿ ಶಂಕರ್ ನಾಗ್ ತೀರಿಕೊಂಡರು. ಆಗ ಅವರಿಗೆ ಮೂವತ್ತಾರು ತುಂಬಿರಲಿಲ್ಲ. “ಜೋಕುಮಾರಸ್ವಾಮಿ”ಯ ಚಿತ್ರೀಕರಣಕ್ಕೆಂದು ಹೊರಟಿದ್ದವರು. ಅವರ ಭಾವಚಿತ್ರವನ್ನು ಇಂದಿಗೂ ಆಟೋರಿಕ್ಷಾಗಳ ಹಿಂದೆ ಅಂಟಿಸಿಕೊಂಡು ಓಡಾಡುವ ನಾಡಿನಲ್ಲಿ, ಅವರು ಬಿಟ್ಟುಹೋದ ಊರಿಗೆ ಮತ್ತೊಬ್ಬರು ಕಾಲಿಡುವುದು ಸುಲಭದ ಮಾತಾಗಿರಲಿಲ್ಲ. ಬಾಲಕ ಮಂಜುನಾಥ್ ಬೆಳೆದು ದೊಡ್ಡವರಾಗಿ ನಟನೆಯನ್ನೇ ಬಿಟ್ಟರು. ೨೦೦೧ರಲ್ಲಿ ನಾರಾಯಣರೂ ಕಣ್ಮುಚ್ಚಿದರು.

ಹೀಗಿರುವಾಗ ೨೦೦೪ರಲ್ಲಿ ಧಾರಾವಾಹಿಗೆ ಮತ್ತೆ ಜೀವ ಕೊಡುವ ಪ್ರಯತ್ನ ಮೊದಲಾಯಿತು. ನಿರ್ದೇಶನದ ಹೊಣೆ ಕವಿತಾ ಲಂಕೇಶ್ ಅವರ ಹೆಗಲಿಗೆ ಬಂದಿತು. “ದೇವೀರಿ”ಯಂಥ ಚಿತ್ರವನ್ನು ಕೊಟ್ಟಿದ್ದ ಆಕೆಗೆ ಮಕ್ಕಳ ಮನಸ್ಸಾಗಲಿ ಸಣ್ಣ ಊರಿನ ಉಸಿರಾಗಲಿ ತಿಳಿಯದ್ದಲ್ಲ. ೨೦೦೬ರಲ್ಲಿ ಹೊಸ ೧೫ ಕಂತುಗಳು ದೂರದರ್ಶನದಲ್ಲಿ ಪ್ರಸಾರವಾದವು.

ಇಂದು ಯಾರನ್ನಾದರೂ ಕೇಳಿ ನೋಡಿ: ಮಾಲ್ಗುಡಿ ಡೇಸ್ ಎಂದರೆ ಅವರ ನೆನಪಿಗೆ ಬರುವುದು ಆ ಮೊದಲ ೩೯ ಕಂತುಗಳೇ. ಆಮೇಲಿನ ೧೫ ಬಂದು ಹೋದುದೇ ಅನೇಕರಿಗೆ ಗೊತ್ತಿಲ್ಲ. ಇದನ್ನು ನಿರ್ದೇಶಕಿಯ ಸೋಲೆಂದು ಬರೆದುಬಿಡುವುದು ಅನ್ಯಾಯವಾದೀತು. ಕಥೆಗಳು ನಾರಾಯಣರವೇ ಆಗಿದ್ದವು. ಬದಲಾಗಿದ್ದುದು ನೋಡುವ ಹಜಾರ. ೧೯೮೭ರಲ್ಲಿ ಮನೆಗೆ ಒಂದೇ ವಾಹಿನಿ; ೨೦೦೬ರಲ್ಲಿ ಕೈಯಲ್ಲಿ ರಿಮೋಟು, ತೆರೆಯ ಹಿಂದೆ ನೂರು ವಾಹಿನಿ. ಅತ್ತೆ ಸೊಸೆಯರ ಜಗಳ ಮುಗಿಯುವ ಮುನ್ನ ಯಾರೂ ಬೇರೆ ಕಡೆ ತಿರುಗುತ್ತಿರಲಿಲ್ಲ. ಒಂದು ವೇಳೆ ತಿರುಗಿದರೂ, ಅದೇ ಹೆಸರು, ಅದೇ ಊರು ಎಂದು ನಂಬಿ ಬಾಗಿಲು ತಟ್ಟಿದವರಿಗೆ ಒಳಗಿನಿಂದ ಅಪರಿಚಿತರು ಬಂದು ಬಾಗಿಲು ತೆರೆದಂತಾಯಿತು. ತಮ್ಮ ತೌರಿನಲ್ಲಿಯೇ ಬೇರೆಯವರು ಬಾಡಿಗೆಗೆ ಇರುವುದನ್ನು ಕಂಡಾಗ ಮನಸ್ಸಿಗೆ ಆಗುವ ಕಸಿವಿಸಿಯೇ ಅದು. ಬಾಡಿಗೆದಾರರು ಎಷ್ಟು ಸಭ್ಯರಾದರೇನು?

ಹೆಸರಿನ ಋಣ

ಮುಂದೆ ಹದಿನಾಲ್ಕು ವರ್ಷಗಳ ಮೇಲೆ ಆ ಹೆಸರು ಚಿತ್ರಮಂದಿರದ ಬಾಗಿಲಿಗೆ ಬಂದಿತು. ೨೦೨೦ರ ಫೆಬ್ರವರಿ ೭ರಂದು ಕಿಶೋರ್ ಮೂಡಬಿದ್ರೆ ನಿರ್ದೇಶನದ “ಮಾಲ್ಗುಡಿ ಡೇಸ್” ಎಂಬ ಕನ್ನಡ ಚಿತ್ರ ಬಿಡುಗಡೆಯಾಯಿತು. ವಿಜಯ ರಾಘವೇಂದ್ರ ಮುಪ್ಪಿನ ವೇಷ ಧರಿಸಿ, ಬಾಲ್ಯದ ಊರಿಗೆ ಹಿಂದಿರುಗಿ ಎಳೆಯ ವಯಸ್ಸಿನ ಪ್ರೀತಿಯನ್ನು ನೆನೆಯುವ ಹಿರಿಯ ಲೇಖಕನಾಗಿ ಕಾಣಿಸಿಕೊಂಡರು. ಇದು ನಾರಾಯಣರ ಕಥೆಯಲ್ಲ, ಧಾರಾವಾಹಿಯ ಉತ್ತರಭಾಗವೂ ಅಲ್ಲ, ಸ್ವತಂತ್ರವಾದ ಕಥೆ. ಆದರೆ ಹೆಸರು ಸ್ವತಂತ್ರವಾದುದಲ್ಲ. ಫಲಕದ ಮೇಲೆ ಆ ಎರಡು ಪದಗಳನ್ನು ಕಂಡು ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ಹೋದ ಹಿರಿಯರು ಒಳಗೆ ಹುಡುಕಿದ್ದು ಸ್ವಾಮಿಯನ್ನು, ಮಣಿಯನ್ನು, ಅಜ್ಜಿಯ ಮಡಿಲನ್ನು. ಬೇರೊಂದು ಹೆಸರಿನಲ್ಲಿ ಬಂದಿದ್ದರೆ ನಟನ ಶ್ರಮಕ್ಕೆ ಚಪ್ಪಾಳೆ ತಟ್ಟಿ ಬರಬಹುದಾಗಿದ್ದವರು, ಏನೋ ಕೈತಪ್ಪಿತೆಂಬ ಭಾವದಿಂದ ಹೊರಗೆ ಬಂದರು. ಹೆಸರನ್ನು ಸಾಲ ತಂದವರು ಬಡ್ಡಿಯನ್ನೂ ತೆರಬೇಕಾಗುತ್ತದೆ. ಮಾರ್ಗಯ್ಯನಿದ್ದಿದ್ದರೆ ಈ ಲೆಕ್ಕವನ್ನು ಆಲದ ಮರದ ಕೆಳಗೆ ಕುಳಿತು ಮೊದಲೇ ಹೇಳಿಬಿಡುತ್ತಿದ್ದನು.

ಹಾಗೆಂದು ಮುಂದುವರಿಸುವುದೇ ತಪ್ಪೆನ್ನಬೇಕೇ? ಕನ್ನಡದ್ದೇ ಮತ್ತೊಂದು ಉದಾಹರಣೆಯನ್ನು ನೋಡಬಹುದು. ೧೯೯೮ರಲ್ಲಿ ದೂರದರ್ಶನದಲ್ಲಿ ಬಂದ ಟಿ. ಎನ್. ಸೀತಾರಾಮ್ ತಂಡದ “ಮಾಯಾಮೃಗ” ಮಧ್ಯಮವರ್ಗದ ಮನೆಗಳ ಮಧ್ಯಾಹ್ನವನ್ನೇ ಕಟ್ಟಿಹಾಕಿತ್ತು. ಸೀತಾರಾಮ್ ೨೦೧೭ರಲ್ಲಿ “ಕಾಫಿ ತೋಟ” ಎಂಬ ಚಲನಚಿತ್ರವನ್ನು ತೆಗೆದರು. ಮಾಯಾಮೃಗದ ಜನರನ್ನು ಅದರೊಳಗೆ ಎಳೆದು ತರಲಿಲ್ಲ. ೨೦೨೨ರಲ್ಲಿ ಆ ಜನರ ಬಳಿಗೆ ಮರಳಿದಾಗ ಆರಿಸಿಕೊಂಡದ್ದು ಹಳೆಯ ಪೆಟ್ಟಿಗೆಯನ್ನೇ: “ಮತ್ತೆ ಮಾಯಾಮೃಗ” ಧಾರಾವಾಹಿಯಾಗಿಯೇ ಬಂದಿತು. ನಡುವೆ ಕಳೆದ ವರ್ಷಗಳನ್ನು ಅದು ಮರೆಮಾಚಲಿಲ್ಲ. ಅಂದಿನ ತರುಣರು ತಲೆ ನರೆತು ಮಕ್ಕಳ ಮದುವೆಯ ಚಿಂತೆಯಲ್ಲಿದ್ದರು; ನೋಡುವವರ ತಲೆಯೂ ಅಷ್ಟೇ ನರೆತಿತ್ತು. ಅದು ಹಿಂದಿನಷ್ಟು ಮೇಲೇರಿತೇ ಎಂಬ ವಾದವನ್ನು ಅಭಿಮಾನಿಗಳಿಗೆ ಬಿಡಬಹುದು. ವಂಚನೆಯಾಯಿತೆಂದು ಮಾತ್ರ ಯಾರಿಗೂ ಅನ್ನಿಸುವಂತಿರಲಿಲ್ಲ.

ಮಾಲ್ಗುಡಿಗೆ ಈ ಸೌಭಾಗ್ಯವೂ ಇರಲಿಲ್ಲ. ಅಲ್ಲಿನ ಹುಡುಗನು ಬೆಳೆಯಬಾರದವನು. ತಲೆ ನರೆತ ಸ್ವಾಮಿಯನ್ನು ನೋಡಲು ಯಾರು ಬಯಸುತ್ತಾರೆ?

ಆ ೨೦೨೦ರಲ್ಲಿಯೇ, ಚಲನಚಿತ್ರ ಬಂದುಹೋದ ಕೆಲವು ತಿಂಗಳುಗಳಲ್ಲಿ, ಮಾಲ್ಗುಡಿಗೆ ಸಂಬಂಧಪಟ್ಟ ಇನ್ನೊಂದು ಕೆಲಸ ಹೆಚ್ಚು ಸದ್ದಿಲ್ಲದೆ ಮುಗಿಯಿತು. ಅರಸಾಳಿನಲ್ಲಿ ಹೊಸ ನಿಲ್ದಾಣ ಬಂದ ಮೇಲೆ ಬ್ರಿಟಿಷರ ಕಾಲದ ಹಳೆಯ ಕಟ್ಟಡ ಪಾಳುಬಿದ್ದಿತ್ತು. ನೈಋತ್ಯ ರೈಲ್ವೆಯವರು ಅದನ್ನು ದುರಸ್ತಿ ಮಾಡಿಸಿ ಮಾಲ್ಗುಡಿ ಮ್ಯೂಸಿಯಂ ಎಂದು ಹೆಸರಿಟ್ಟರು. ಗೋಡೆಗೆ ಬಣ್ಣ ಬಳಿದು, ಧಾರಾವಾಹಿಯ ಜನರನ್ನು ಚಿತ್ರಗಳಲ್ಲಿಯೂ ಪ್ರತಿಮೆಗಳಲ್ಲಿಯೂ ಮರಳಿ ಕರೆದವರು ಬೇರೆ ಯಾರೂ ಅಲ್ಲ, ಮೂವತ್ತೈದು ವರ್ಷಗಳ ಹಿಂದೆ ಆಗುಂಬೆಯಲ್ಲಿ ಲಾಲಿಯ ಪ್ರತಿಮೆಯನ್ನು ನಿಲ್ಲಿಸಿದ ಜಾನ್ ದೇವರಾಜ್ ಅವರೇ. ಹೊಸ ಕಥೆಯನ್ನು ಅವರು ಸೇರಿಸಲಿಲ್ಲ. ಇದ್ದುದನ್ನು ಇದ್ದ ಜಾಗದಲ್ಲಿ ಇಟ್ಟರು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲಿನ ಪ್ರಯಾಣಿಕರು ಅರಸಾಳು ಬಂದಾಗ ಕಿಟಕಿಯ ಪಕ್ಕಕ್ಕೆ ಸರಿಯುತ್ತಾರೆ. ಇಳಿದು ನೋಡಬೇಕೆನ್ನುವವರು ಇಳಿಯುತ್ತಾರೆ, ಹಳೆಯ ಪ್ಲಾಟ್‌ಫಾರಮ್ಮಿನ ಮೇಲೆ ನಿಲ್ಲುತ್ತಾರೆ, ಮಕ್ಕಳ ಕೈಹಿಡಿದು “ಇಲ್ಲಿಯೇ ನೋಡು, ರಾಜಮ್ ರೈಲು ಹತ್ತಿದ್ದು” ಎನ್ನುತ್ತಾರೆ. ಮುಂದೇನಾಯಿತು ಎಂದು ಮಕ್ಕಳು ಕೇಳಿದರೆ, ಒಬ್ಬೊಬ್ಬ ತಂದೆಯೂ ತನಗೆ ತೋರಿದ ಉತ್ತರವನ್ನು ಹೇಳುತ್ತಾನೆ.